ನಾಚಿಕೆಯ ಬೆರಳು

ಮನುಷ್ಯನ ತಲೆಯೊಳಗಿನ ಮಾತನ್ನು ಯಂತ್ರವೊಂದು ಕದ್ದು ಕೇಳುವಂತಾದರೆ ಅದಕ್ಕೆ ಮೊದಲು ಕೇಳಿಸುವುದು ಏನು ಎಂಬ ಬಗ್ಗೆ ಬಲ್ಲವರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಪ್ರೇಮ ಇರಬಹುದು, ಹಗೆ ಇರಬಹುದು, ಆತ್ಮದ ಪಿಸುಮಾತೇ ಇರಬಹುದು ಎಂದೆಲ್ಲ. ಮೈಸೂರಿನ ಹೂವಿನ ಚಿಕ್ಕತಾಯಮ್ಮನ ತಲೆಯಲ್ಲಿ ಯಂತ್ರಕ್ಕೆ ಮೊದಲು ಕೇಳಿಸಿದ್ದು ಮೂಗಿನ ತುರಿಕೆ.

ಗಾಲಿಕುರ್ಚಿಯ ಬಲಕ್ಕೆ ಬಿಗಿದಿದ್ದ ಉಕ್ಕಿನ ತೋಳು ಮೊದಲು ಗಾಳಿಯಲ್ಲಿ ತಡವರಿಸಿತು. ಆಮೇಲೆ ಮದುವೆಮನೆಯಲ್ಲಿ ಪರಿಚಯದವರನ್ನು ಹುಡುಕುವವರ ಹಾಗೆ ಅತ್ತಿತ್ತ ನೋಡಿಕೊಂಡು ಅವಳ ಮೂಗಿನ ಬಳಿಗೆ ಬಂತು. ರಬ್ಬರು ಹೊದಿಸಿದ ಬೆರಳ ತುದಿಯಿಂದ ತುರಿಸಿತು. ಪ್ರಯೋಗಾಲಯದಲ್ಲಿದ್ದ ಎಂಟೂ ಮಂದಿ ಚಪ್ಪಾಳೆ ತಟ್ಟಿದರು. ಡಾಕ್ಟರ್ ಪದ್ಮನಾಭ ಉಡುಪರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾಕಮ್ಮ, ಈಗ ಕೈ ಕೆಳಗಿಳಿಸಿ" ಎಂದರು.

ಚಿಕ್ಕತಾಯಮ್ಮ ಕಣ್ಣು ಮುಚ್ಚಿಕೊಂಡೇ, "ವಸಿ ತಡೀರಿ ಸ್ವಾಮಿ, ಈಗ ಸುಖ ಸಿಕ್ತಾ ಅದೆ" ಎಂದಳು.

ನಾಲ್ಕು ವರ್ಷದ ತುರಿಕೆ ಅದು. ಬೆಳಗಿನ ಜಾವ ಮಲ್ಲಿಗೆ ಮೂಟೆಗಳ ಜೊತೆ ಕೂತು ಬರುತ್ತಿದ್ದ ಗೂಡ್ಸ್ ಆಟೋ ಮಗುಚಿ, ಕತ್ತಿನ ಹತ್ತಿರ ಬೆನ್ನುಹುರಿ ಜಜ್ಜಿಹೋದ ಮೇಲೆ, ಕತ್ತಿನಿಂದ ಮೇಲೆ ಚಿಕ್ಕತಾಯಮ್ಮ, ಕತ್ತಿನಿಂದ ಕೆಳಗೆ ಮೂಟೆ. ಇದು ಅವಳದೇ ಮಾತು. ಮೂಗು ತುರಿಸಿದರೆ ಸೊಸೆ ನಾಗುವನ್ನು ಕರೆಯಬೇಕು. ನಾಗು ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ತುರಿಕೆ ಮೂಗಿನ ಎಡದಿಂದ ಬಲಕ್ಕೆ ಸಂಸಾರ ಬದಲಾಯಿಸಿರುತ್ತಿತ್ತು. ನಗುನಗುತ್ತಲೇ ಹೇಳುತ್ತಿದ್ದಳು ಇದನ್ನೆಲ್ಲ. ಆದರೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಇನ್ನೊಬ್ಬರ ಕೈಯಿಂದ ಮೂಗು ಒರೆಸಿಕೊಳ್ಳುವವಳ ನಗುವಿನ ಅಡಿಯಲ್ಲಿ ಏನಿರುತ್ತದೆ ಎಂದು ನಾಗುವಿಗೆ ಗೊತ್ತಿತ್ತು; ಗೊತ್ತಿಲ್ಲದವಳಂತೆ ಒರೆಸುತ್ತಿದ್ದಳು.

ಯಂತ್ರದ ಮರ್ಮ ಹೇಳಲಾಗದಷ್ಟು ಕಷ್ಟದ್ದೇನಲ್ಲ. ಕೆಟ್ಟಿರುವುದು ಕೈಯಲ್ಲ, ದಾರಿ. ಮೆದುಳು ಇವತ್ತಿಗೂ "ಎತ್ತು" ಎನ್ನುತ್ತದೆ. ಆ ಮಾತು ಕತ್ತಿನ ತನಕ ಬಂದು ನಿಂತುಬಿಡುತ್ತದೆ, ಸೇತುವೆ ಕುಸಿದ ಊರಿಗೆ ಟಪಾಲು ಕಳಿಸಿದಂತೆ. ಹಾಗಾದರೆ ಆ ಟಪಾಲನ್ನು ಹೊರಡುವ ಕಡೆಯಲ್ಲೇ ಬಿಚ್ಚಿ ಓದಿಬಿಟ್ಟರೆ? ಅದಕ್ಕಾಗಿ ಅವಳ ತಲೆಬುರುಡೆಯ ಎಡಭಾಗದಲ್ಲಿ, ಬಲಗೈಯನ್ನು ಆಳುವ ಜಾಗದ ಮೇಲೆ, ಕಡಲೆಬೇಳೆ ಗಾತ್ರದ ಒಂದು ಚಿಪ್ಪು ಕೂರಿಸಿದ್ದರು. ಚಿಪ್ಪಿನ ಅಡಿಯಲ್ಲಿ ಕೂದಲಿಗಿಂತ ತೆಳುವಾದ ನೂರು ಸೂಜಿಗಳು. ಸೂಜಿಗಳಿಗೆ ಕೇಳಿಸುವುದು ಬರೀ ಪಟಪಟ ಸದ್ದು. ಅದಕ್ಕೆ ಅರ್ಥ ಹೇಳಲು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮು. ಪ್ರಯೋಗಾಲಯದವರು ಅದನ್ನು ದುಭಾಷಿ ಎಂದು ಕರೆಯುತ್ತಿದ್ದರು. ಪರದೆಯ ಮೇಲೆ ಒಂದು ಕೈ ಚಾಚುತ್ತದೆ. ಅದನ್ನು ನೋಡುತ್ತ ಚಿಕ್ಕತಾಯಮ್ಮ ಮನಸ್ಸಿನಲ್ಲೇ ತನ್ನ ಕೈ ಚಾಚಬೇಕು. ಆಗ ಎದ್ದ ಸದ್ದಿಗೆ "ಚಾಚು" ಎಂದು ದುಭಾಷಿ ಅರ್ಥ ಬರೆದುಕೊಳ್ಳುತ್ತದೆ. ಹೀಗೆ ಸಾವಿರ ಸಲ. ಸೊಸೆಗೆ ಅಡುಗೆ ಕಲಿಸುವುದಕ್ಕಿಂತ ಇದು ಸುಲಭ ಎಂದು ಚಿಕ್ಕತಾಯಮ್ಮ ಒಪ್ಪಿಕೊಂಡಿದ್ದಳು.

ದುಭಾಷಿಯ ಉಸ್ತುವಾರಿ ಇಂಚರ ಎಂಬ ಇಪ್ಪತ್ತಾರರ ಇಂಜಿನಿಯರಳದು. ಹಾಸನದ ಹುಡುಗಿ, ಮಾತು ಕಡಿಮೆ, ನೋಟ್‌ಬುಕ್ಕು ಜಾಸ್ತಿ. ಮೂರು ತಿಂಗಳಲ್ಲಿ ಅವರಿಬ್ಬರೂ ಸೇರಿ ಲೋಟ ಎತ್ತಿದರು, ತಲೆ ಬಾಚಿದರು, ಬಾಳೆಹಣ್ಣು ಸುಲಿದರು. ಮೊದಲ ನಾಲ್ಕು ಬಾಳೆಹಣ್ಣು ಪಾಯಸವಾದವು. ಐದನೆಯದನ್ನು ಚಿಕ್ಕತಾಯಮ್ಮ ತಾನೇ ತಿಂದಳು.

ಎಡವಟ್ಟಾದದ್ದು ಕೆಂಪು ಗುಂಡಿಯ ಹತ್ತಿರ.

ಉಕ್ಕಿನ ತೋಳನ್ನು ಮನೆಗೆ ಕಳಿಸಬೇಕಾದರೆ ಒಂದು ನಿಯಮವಿತ್ತು. ತೋಳು ಏನಾದರೂ ತಪ್ಪು ಮಾಡಿದರೆ ಅದನ್ನು ಆ ಕ್ಷಣವೇ ನಿಲ್ಲಿಸಲು ಕುರ್ಚಿಯ ಕೈಹಲಗೆಯ ತುದಿಯಲ್ಲಿ ಕೆಂಪು ಗುಂಡಿ. ಮೊಣಕೈಯನ್ನು ಹಲಗೆಯ ಮೇಲೆ ಊರಿ, ಮುಂಗೈಯನ್ನು ನೆಟ್ಟಗೆ ಮಲಗಿಸಿ, ಬೆರಳು ಪೂರ್ತಿ ಚಾಚಿದರೆ ನಡುಬೆರಳ ತುದಿ ಗುಂಡಿಯನ್ನು ಮುಟ್ಟಿ ಗಂಟೆ ಬಾರಿಸಬೇಕು. ಗಂಟೆ ಬಾರಿಸಲಾರದವರಿಗೆ ತೋಳು ಇಲ್ಲ. ಬಾಳೆಹಣ್ಣು ಸುಲಿದ ಕೈಗೆ ಇದೊಂದು ಲೆಕ್ಕವೇ ಎಂದು ಎಲ್ಲರೂ ಕುರ್ಚಿಯ ಎದುರಿಗೆ ನೆರೆದು ನಿಂತರು.

ತೋಳು ಇಳಿಯಿತು. ಮೊಣಕೈ ಊರಿತು. ಮುಂಗೈ ಮಲಗಿತು. ಬೆರಳುಗಳು ಚಾಚಿಕೊಂಡವು, ಇನ್ನೇನು ಮುಟ್ಟಬೇಕು ಅನ್ನುವಾಗ ನಡುಬೆರಳು ಮೆಲ್ಲಗೆ ಒಳಕ್ಕೆ ಮಡಿಸಿಕೊಂಡಿತು. ಗುಂಡಿಗೆ ಇನ್ನೂ ಎರಡು ಇಂಚು.

"ಇನ್ನೊಂದು ಸಲ" ಎಂದರು ಉಡುಪರು.

ಇನ್ನೊಂದು ಸಲವೂ ಎರಡು ಇಂಚು. ಹತ್ತನೇ ಸಲವೂ ಎರಡೇ ಇಂಚು, ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಜಿನಿಯರುಗಳು ಬೆರಳಿನ ಮೋಟಾರು ಬಿಚ್ಚಿ ಬೇರೆ ಹಾಕಿದರು. ತಂತಿ ಬದಲಾಯಿಸಿದರು. ದುಭಾಷಿ ಕಲಿತದ್ದನ್ನೆಲ್ಲ ಅಳಿಸಿ ಮೊದಲಿಂದ ಪಾಠ ಹೇಳಿದರು. ಲೋಟ ಹಿಡಿಯುವಾಗ ಅರಳುವ ಬೆರಳು ಹಲಗೆಯ ಮೇಲೆ ಊರಿದ ತಕ್ಷಣ ಮುದುಡುತ್ತಿತ್ತು.

ಜೊತೆಗೆ ಬಂದಿದ್ದ ನಾಗು, "ಆ ಗುಂಡೀನೇ ಎರಡಿಂಚು ಈಚೆ ಮಡಗಿದ್ರೆ ಆಗಾಕಿಲ್ವಾ ಸಾರ್?" ಎಂದಳು.

ಎಂಟು ಮಂದಿ ವಿಜ್ಞಾನಿಗಳು ಅವಳನ್ನು ನೋಡಿದರು. ಉಡುಪರು ತಾಳ್ಮೆಯಿಂದ, "ಈಚೆ ಇಟ್ಟರೆ ಕೈ ಸುಮ್ಮನೆ ಊರಿದಾಗಲೂ ಒತ್ತಿಹೋಗ್ತದಮ್ಮ. ಅಲ್ಲದೆ ಇವತ್ತು ಎರಡು ಇಂಚು ಮುದುಡಿದ್ದು ನಾಳೆ ನಾಲ್ಕು ಇಂಚು ಮುದುಡೋದಿಲ್ಲ ಅಂತ ಹೇಗೆ ಹೇಳೋದು?" ಎಂದರು.

ಚಿಕ್ಕತಾಯಮ್ಮ ಆ ಉಕ್ಕಿನ ಬೆರಳನ್ನೇ ನೋಡುತ್ತಿದ್ದಳು, ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಪೊಲೀಸ್ ಠಾಣೆಯಲ್ಲಿ ಕಂಡವಳ ಹಾಗೆ: ಸಿಕ್ಕಿತಲ್ಲ ಎಂಬ ಸಂತೋಷ, ಇಲ್ಲಿ ಸಿಕ್ಕಿತಲ್ಲ ಎಂಬ ಸಂಕಟ. ಮೂರು ತಿಂಗಳಿಂದ ಅದು ಪ್ರಯೋಗಾಲಯದವರ ತೋಳಾಗಿತ್ತು. ಈಗ, ಆ ಬೆರಳು ಮಡಿಸಿಕೊಂಡ ಗಳಿಗೆಯಲ್ಲಿ, ಅದು ಅವಳ ಕೈಯಾಯಿತು. ಆ ಮಡಿಕೆ ಯಂತ್ರದ ತಪ್ಪಲ್ಲ. ಅದು ಅವಳ ಅತ್ತೆ ಪುಟ್ಟನಂಜಮ್ಮ ಕಲಿಸಿದ್ದು.

ಹೂವನ್ನು ಮೊಳದ ಲೆಕ್ಕದಲ್ಲಿ ಮಾರುವುದು ಎಲ್ಲರಿಗೂ ಗೊತ್ತು. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ. ಅಳತೆಕೋಲನ್ನು ಮೈಯಲ್ಲೇ ಹೊತ್ತು ತಿರುಗುವ ವ್ಯಾಪಾರ ಇದೊಂದೇ. ಯಾವ ಇನ್‌ಸ್ಪೆಕ್ಟರೂ ಬಂದು ಅದರ ಮೇಲೆ ಸರ್ಕಾರದ ಮೊಹರು ಒತ್ತಿದ್ದಿಲ್ಲ. ಹತ್ತೊಂಬತ್ತರ ಮದುಮಗಳಾಗಿ ಚಿಕ್ಕತಾಯಮ್ಮ ಮಾರ್ಕೆಟ್ಟಿನ ಹಲಗೆಯ ಹಿಂದೆ ಮೊದಲ ಸಲ ಕೂತು, ಮೊಣಕೈ ಊರಿ, ಮಲ್ಲಿಗೆ ಮಾಲೆಯನ್ನು ಬೆರಳ ತುದಿಯತನಕ ಎಳೆದಾಗ ಅತ್ತೆ ಹಿಂದಿನಿಂದ ಕೈ ಹಾಕಿ ಅವಳ ನಡುಬೆರಳನ್ನು ಮೆಲ್ಲಗೆ ಒಳಕ್ಕೆ ಒತ್ತಿದಳು. ಅಷ್ಟೆ. ಏಕೆ ಎಂದು ಇವಳು ಕೇಳಲಿಲ್ಲ, ಏನು ಎಂದು ಅವಳು ಹೇಳಲಿಲ್ಲ. ಮಾರನೆಯ ದಿನವೂ ಮರೆತಾಗ ಮಾತ್ರ ಅತ್ತೆ ಕಿವಿಯ ಹತ್ತಿರ, "ಗಿರಾಕಿ ಎದ್ರು ಬೆರಳಿಗೆ ವಸಿ ನಾಚ್ಕೆ ಇರ್ಬೇಕು ಕಣೆ" ಎಂದಿದ್ದಳು.

ಆಮೇಲೆ ಮೂವತ್ತೊಂದು ವರ್ಷ ಆ ಬೆರಳು ನಾಚಿಕೊಂಡಿತು. ಗಿರಾಕಿ ಎದುರಿಗೆ ನಿಂತರೆ ಸಾಕು, ಅವಳಿಗೆ ಗೊತ್ತಾಗದಂತೆ ಮಡಿಸಿಕೊಳ್ಳುತ್ತಿತ್ತು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಅಳೆದು, ಕೊನೆಯಲ್ಲಿ ಎಲ್ಲರಿಗೂ ಕಾಣುವಂತೆ ಕೈ ಬೀಸಿ ಎರಡು ಬೆರಳಗಲ ಕೊಸರು ಕೊಡುತ್ತಿದ್ದಳು. ಕೊಸರಿನಿಂದ ಹೆಸರು ಬಂತು. ಧಾರಾಳದ ಕೈ ಎಂದರೆ ಚಿಕ್ಕತಾಯಮ್ಮನದು ಎಂದು ಒಂಟಿಕೊಪ್ಪಲಿನಿಂದೆಲ್ಲ ಹುಡುಕಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಅಂಗಡಿ ತೆಗೆದು ಚಾಮುಂಡವ್ವನ ಪಟಕ್ಕೆ ಅಳೆಯುವಾಗ ಮಾತ್ರ ಬೆರಳು ತಾನಾಗಿ ನೆಟ್ಟಗಾಗುತ್ತಿತ್ತು. ಪಟಕ್ಕೂ ಕಣ್ಣಿದೆ, ನಿಜ. ಆದರೆ ಅದು ಚೌಕಾಸಿಗೆ ನಿಲ್ಲುವುದಿಲ್ಲ.

ಈಗ ಹೇಳಿಬಿಡಬಹುದಿತ್ತು. ಆದರೆ ಹೇಗೆ? ಕೈಯಿಂದ ಕೈಗೆ ಬಂದ ವಿದ್ಯೆ ಅದು, ಬಾಯಿಗೆ ಒಮ್ಮೆಯೂ ಬಂದದ್ದಲ್ಲ. ಅದಕ್ಕೊಂದು ಹೆಸರೂ ಇರಲಿಲ್ಲ. ಹೆಸರಿಟ್ಟ ಕೂಡಲೇ ಅದು ಮೋಸ ಆಗಿಬಿಡುತ್ತಿತ್ತು.

ಮಂಡಿ ಮೊಹಲ್ಲಾದ ಮನೆಯಲ್ಲಿ ಸಂಜೆ ನಾಗು ಚಾಪೆಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ಬಾಳೆನಾರು ಅವಳ ಬೆರಳುಗಳ ನಡುವೆ ಸರಸರ ಓಡುತ್ತಿತ್ತು. ಅವಳ ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅತ್ತೆ ಬಿದ್ದ ಮೇಲೆ ಅಂಗಡಿ ನಾಗುವಿನದೇ.

"ಪಕ್ಕದ ಹಲ್ಗೆ ಗೌರಿ ಇವತ್ತು ಜಗಳಕ್ಕೇ ನಿಂತ್ಲು ಕಣತ್ತೆ" ಎಂದಳು ನಾಗು. "ನಿನ್ ಮೊಳ ಉದ್ದ, ಗಿರಾಕಿ ಎಲ್ಲಾ ನಿನ್ ತಾವೇ ಬಂದ್ರೆ ನಾವೇನ್ ಮಣ್ಣು ತಿನ್ನಾದಾ ಅಂತ."

"ನೀ ಏನಂದೆ?"

"ಏನಂತೀನಿ? ಇದು ನಮ್ಮತ್ತೆ ಮೊಳ, ನಿಮ್ಮಂಗೆ ಕೈ ಕಳ್ಳಾಟ ನಮ್ಮನೇಲಿ ಇಲ್ಲ ಅಂದೆ. ಇಡೀ ಸಾಲಿಗೆ ಕೇಳ್ಬೇಕು ಅಂಗೆ." ನಾಗು ನಾರನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ಆದ್ರೆ ಅತ್ತೆ, ಒಂದ್ ಮಾತು ಅರ್ಥ ಆಗಾಕಿಲ್ಲ. ನಿಮ್ಮಂಗೇ ಅಳೀತೀನಿ, ನಿಮ್ಮಂಗೇ ಕೊಸರು ಹಾಕ್ತೀನಿ. ನಿಮ್ ಕಾಲ್ದಾಗೆ ಸಂಜೆಗೆ ಬುಟ್ಟೀಲಿ ಹೂವು ಮಿಗ್ತಿತ್ತು. ನಂಗೆ ಮಧ್ಯಾನ್ಕೇ ಬುಟ್ಟಿ ತಳ ಕಾಣ್ತದೆ. ಅದೇನು ಮಾಯವೋ."

ಚಿಕ್ಕತಾಯಮ್ಮ ಮಾಳಿಗೆಯ ಜಂತಿ ನೋಡಿದಳು. ಸೊಸೆಗೆ ಕಲಿಸುವ ಕಾಲ ಬರುವ ಮೊದಲೇ ಆಟೋ ಮಗುಚಿತ್ತು. ಕೈ ಇದ್ದಿದ್ದರೆ ಹಿಂದಿನಿಂದ ಬಂದು ಒಂದು ಸಲ ಒತ್ತಿದರೆ ಮುಗಿಯುತ್ತಿತ್ತು. ಕೈಯಿಲ್ಲದ ಅತ್ತೆಯಿಂದ ಸೊಸೆ ಕಲಿತದ್ದು ಧಾರಾಳ ಮಾತ್ರ, ಅದರ ಹಿಂದಿನ ಬೆರಳನ್ನಲ್ಲ. ಹೀಗೆ ಆ ಮನೆತನದಲ್ಲಿ ಮೊದಲ ಸಲ, ಯಾರ ತಪ್ಪೂ ಇಲ್ಲದೆ, ಪ್ರಾಮಾಣಿಕತೆ ಬಂದು ಸೇರಿತ್ತು.

"ಹೂವು ಬಾಡಾದು ಜಾಸ್ತಿ ಆಗಿರ್ಬೇಕು" ಎಂದಳು. ಆ ಕ್ಷಣಕ್ಕೆ ಮೂಗು ತುರಿಸಿತು. ನಾಗು ಹೂವು ಕೆಳಗಿಟ್ಟು ಎದ್ದು ಬಂದಳು.

ಪ್ರಯೋಗಾಲಯದಲ್ಲಿ ಉಡುಪರು ಒಂದು ಸಿದ್ಧಾಂತ ಕಟ್ಟಿದ್ದರು. ಸಿದ್ಧಾಂತ ಚೆನ್ನಾಗಿತ್ತು, ಅದೇ ಅಪಾಯ. ಬಳಸದ ಅಂಗದ ನಕ್ಷೆ ಮೆದುಳಿನಲ್ಲಿ ಒಣಗುತ್ತ ಹೋಗುತ್ತದೆ. ನಾಲ್ಕು ವರ್ಷ ಸುಮ್ಮನಿದ್ದ ಈ ಹೆಂಗಸಿನ ಕೈ ಅವಳ ಮೆದುಳಿನಲ್ಲಿ ಎರಡು ಇಂಚು ಗಿಡ್ಡವಾಗಿದೆ. ಬೆರಳ ತುದಿಯಿಂದ ಶುರುವಾದದ್ದು ಮೊಣಕೈಗೂ ಬರುತ್ತದೆ. ಆದ್ದರಿಂದ ಚಿಪ್ಪು ತೆಗೆದುಬಿಡುವುದು ಕ್ಷೇಮ. ಇನ್ನು ಮುಂದೆ ಏಟು ಬಿದ್ದು ಎರಡು ವರ್ಷ ದಾಟದ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳುವುದು ಒಳ್ಳೆಯದು. ನಲವತ್ತು ಪುಟದ ಈ ವರದಿ ಗುರುವಾರ ಪರಿಶೀಲನಾ ಸಮಿತಿಯ ಮುಂದೆ ಬರುವುದಿತ್ತು. ಗಂಟೆ ಬಾರಿಸಲು ಅದೇ ಕೊನೆಯ ಅವಕಾಶ.

ಇಂಚರಳಿಗೆ ಸಿದ್ಧಾಂತ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಬುಧವಾರ ಉಳಿದವರು ಊಟಕ್ಕೆ ಹೋದಾಗ ಅವಳು ಸ್ಟೂಲು ಎಳೆದುಕೊಂಡು ಬಂದು ನೋಟ್‌ಬುಕ್ಕು ತೆರೆದಳು.

"ಅಮ್ಮ, ನಿಮಗೊಂದು ತೋರಿಸ್ಬೇಕು. ಹಿಂದಿನ ತಿಂಗಳ ಎಲ್ಲಾ ಪ್ರಯತ್ನ ಹಾಕಿದೀನಿ ನೋಡಿ. ಇಲ್ಲೆಲ್ಲಾ ಬೆರಳು ಮಡಚಿದೆ. ಆದ್ರೆ ಈ ಒಂಬತ್ತು ಸಲ ನೆಟ್ಟಗೆ ಹೋಗಿ ಗಂಟೆ ಹೊಡೆದಿದೆ. ಆ ಒಂಬತ್ತು ಸಲವೂ ಎದುರಿಗೆ ಯಾರೂ ಇರ್ಲಿಲ್ಲ. ನಾನು ಹಿಂದೆ ಕಂಪ್ಯೂಟರ್ ಹತ್ರ ಇದ್ದೆ. ಒಣಗಿದ ನಕ್ಷೆಗೆ ಎದುರಿಗೆ ಜನ ಇದಾರೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?"

"ನೀನು ಬುದ್ಧಿವಂತೆ ಕಣ್ ಮಗ."

"ಉತ್ತರ ಅದಲ್ಲ."

"ನಾಚ್ಕೆ ಇರ್ಬೇಕು ಬಿಡು."

ಇಂಚರ ನಗಲಿಲ್ಲ, ನೋಟ್‌ಬುಕ್ಕಿನಲ್ಲಿ "ನಾಚಿಕೆ" ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದಳು. "ನಾಳೆ ಮೂರು ಜನ ಎದುರಿಗೇ ಕೂತಿರ್ತಾರೆ ಅಮ್ಮ. ನಿಮಗೇನಾದ್ರೂ ಗೊತ್ತಿದ್ರೆ ಇವತ್ತು ಹೇಳಿ. ನಾಳೆ ಸಂಜೆ ಹೇಳಿದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ. ನಿಮ್ಮ ಕೈಯಲ್ಲೂ."

ಚಿಕ್ಕತಾಯಮ್ಮ ಕೆಂಪು ಗುಂಡಿ ನೋಡಿದಳು, ಹೇಳಲಿಲ್ಲ. ಹಗಲೆಲ್ಲ ಮನಸ್ಸಿನಲ್ಲೇ ಬೆರಳಿಗೆ ಬುದ್ಧಿ ಹೇಳಿದಳು. ಎದುರಿಗಿರುವವರು ಗಿರಾಕಿಗಳಲ್ಲ, ಗುಂಡಿ ಹೂವಲ್ಲ, ಅತ್ತೆ ಸತ್ತು ಹದಿನೆಂಟು ವರ್ಷವಾಯಿತು. ಬೆರಳು ಎಲ್ಲವನ್ನೂ ಕೇಳಿಸಿಕೊಂಡಿತು. ಇಂಚರ ಎದುರಿಗೆ ಬಂದು ನಿಂತ ಕೂಡಲೇ ಮಡಿಸಿಕೊಂಡಿತು.

ಗುರುವಾರ ಸಮಿತಿಯ ಮೂವರೂ ಹನ್ನೊಂದಕ್ಕೆ ಬಂದರು. ಒಬ್ಬರು ಯಂತ್ರಶಾಸ್ತ್ರದ ಪ್ರೊಫೆಸರು, ಒಬ್ಬರು ವಕೀಲರು, ಅಧ್ಯಕ್ಷೆ ಡಾಕ್ಟರ್ ಸುನಂದಾ ಅರಸ್, ನಿವೃತ್ತ ನರರೋಗ ತಜ್ಞೆ. ಅವರ ತುರುಬಿನಲ್ಲಿ ಒಂದು ಗೇಣು ಮಲ್ಲಿಗೆ. ಒಳಗೆ ಬಂದವರೇ ಚಿಕ್ಕತಾಯಮ್ಮನನ್ನು ನೋಡಿ, "ಅರೆ, ನೀವಾ!" ಎಂದರು. "ಇಪ್ಪತ್ತೆರಡು ವರ್ಷ ನಿಮ್ಮ ಹತ್ರಾನೇ ಹೂ ತಗೊಂಡಿದೀನಲ್ಲ ನಾನು!"

ಚಿಕ್ಕತಾಯಮ್ಮನಿಗೆ ಎದೆ ಧಸಕ್ಕೆಂದಿತು. ಕೆಳಗಿನ ಮೂಟೆಗೂ ಅದು ಕೇಳಿಸಿತೋ ಏನೋ.

ಐದು ಸಲಕ್ಕೆ ಐದು ಸಲವೂ ಬೆರಳು ಮಡಿಸಿಕೊಂಡಿತು. ಉಡುಪರು ಎದ್ದು, ಪರದೆಯ ಮೇಲೆ ಮೆದುಳಿನ ಚಿತ್ರ ತೋರಿಸಿ, ಗಿಡ್ಡವಾಗುತ್ತಿರುವ ಕೈಯ ಬಗ್ಗೆ ಮೃದುವಾಗಿ ವಿವರಿಸತೊಡಗಿದರು. ಅವರು ಕೆಟ್ಟವರಲ್ಲ, ಕೆಟ್ಟ ಸುದ್ದಿಯನ್ನು ಹತ್ತಿಯಲ್ಲಿ ಸುತ್ತಿ ಕೊಡುವವರು. "ಈ ತಾಯಿಯ ಕೈ ಅವರ ಮೆದುಳಿನ ಪಾಲಿಗೆ ಸಾಯ್ತಾ ಇದೆ. ನಾವು ತಡವಾಗಿ ಬಂದೆವು" ಎಂದರು.

ಅಲ್ಲಿಗೆ ಚಿಕ್ಕತಾಯಮ್ಮನ ತಾಳ್ಮೆ ಮುಗಿಯಿತು. ಕಳ್ಳಿ ಅನ್ನಿಸಿಕೊಂಡರೂ ಸರಿಯೆ, ತನ್ನ ಕೈಯನ್ನು ಸತ್ತದ್ದು ಎಂದು ಇನ್ನೊಬ್ಬರು ಹೇಳುವುದೆ? ಮೂವತ್ತೊಂದು ವರ್ಷ ಊರಿಗೆಲ್ಲ ಹೂವು ಅಳೆದ ಕೈಯನ್ನು?

"ಸ್ವಾಮಿ" ಎಂದಳು. "ಎಲ್ಲಾರೂ ವಸಿ ಆ ಗೋಡೆ ಕಡೀಕೆ ತಿರೀಕಳಿ."

"ಏನಮ್ಮ?"

"ಗೋಡೆ ನೋಡ್ಕಂಡು ನಿಂತ್ಕಳಿ ಅಂದೆ. ನೀವೂವೆ. ಲಾಯರ್ ಸಾಹೇಬ್ರೂವೆ."

ಸುನಂದಾ ಅರಸ್ ಮೊದಲು ಎದ್ದರು. ಅವರು ಎದ್ದ ಮೇಲೆ ಉಳಿದವರು ಕೂರುವಂತಿರಲಿಲ್ಲ. ಮನ್ನಣೆಯುಳ್ಳ ಮೂರು ಮಂದಿ ಮತ್ತು ಎಂಟು ವಿಜ್ಞಾನಿಗಳು ಶಾಲೆಯಲ್ಲಿ ಶಿಕ್ಷೆಗೆ ನಿಂತವರಂತೆ ಸಾಲಾಗಿ ಗೋಡೆಗೆ ಮುಖ ಮಾಡಿದರು. ವಕೀಲರ ಮೂಗಿನ ನೇರಕ್ಕೆ ಬೆಂಕಿ ಆರಿಸುವ ಸಿಲಿಂಡರು ತೂಗುಹಾಕಿತ್ತು. ಅವರು ಅದರ ಮೇಲಿನ ಸೂಚನೆಗಳನ್ನು ಓದತೊಡಗಿದರು.

ಟಿಣ್ ಎಂದಿತು ಗಂಟೆ.

ಮತ್ತೆ ಟಿಣ್. ಮತ್ತೆ, ಮತ್ತೆ, ಮತ್ತೆ. ಐದು ಸಲ.

"ಈಗ ತಿರೀಕಳಿ."

ಎಲ್ಲರೂ ತಿರುಗಿದರು. ಬೆರಳು ಮಡಿಸಿಕೊಂಡಿತು.

"ಓ" ಎಂದರು ಉಡುಪರು. "ಸಂಕೋಚ. ಜನರ ಮುಂದೆ ಮಾನಸಿಕ ಒತ್ತಡ..."

"ಸಂಕೋಚ ಅಲ್ಲ ಸ್ವಾಮಿ. ಕಸುಬು."

ಆಮೇಲೆ ಹೇಳಿದಳು. ಅತ್ತೆಯ ಕೈಯಿಂದ ಶುರು ಮಾಡಿ, ಹಲಗೆ, ಮೊಣಕೈ, ಬೆರಳು, ಕೊಸರು, ಚಾಮುಂಡವ್ವನ ಪಟ, ಒಂದನ್ನೂ ಬಿಡದೆ. ಮೊದಲು ಮಾತು ತಡವರಿಸಿತು. ಹೆಸರಿಲ್ಲದ್ದನ್ನು ಹೇಳಲು ಸುತ್ತಿ ಬಳಸಿ ಹೋಗಬೇಕಾಗಿತ್ತು. ಕೊನೆಗೆ ಸುತ್ತುವುದು ಬಿಟ್ಟು, "ಮೊಳಕ್ಕೆ ಎರಡಿಂಚು ಕದೀತಿದ್ದೆ ಕಣ್ರಪ್ಪ" ಎಂದುಬಿಟ್ಟಳು. ನಾಗು ಕುರ್ಚಿಯ ಹಿಂದೆ ನಿಂತಿದ್ದಳು. ಅಷ್ಟು ತಿರುಗದ ಕತ್ತಿನಿಂದಾಗಿ ಅವಳ ಮುಖ ಕಾಣುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಆ ಕತ್ತು ಮಾಡಿದ ಉಪಕಾರ ಅದೊಂದೇ.

ಸುನಂದಾ ಅರಸ್ ನಿಧಾನಕ್ಕೆ ಕೈ ಎತ್ತಿ ತುರುಬಿನ ಮಲ್ಲಿಗೆ ಮುಟ್ಟಿ ನೋಡಿಕೊಂಡರು.

"ಅಂದ್ರೆ ನಮ್ಮ ಮಗಳ ಮದುವೆಗೆ ತಗೊಂಡ ಐವತ್ತು ಮೊಳ?"

"ಮದ್ವೆ ಹೂವು ಅಂದ್ರೆ ಬೆರಳು ಇನ್ನೂ ವಸಿ ಜಾಸ್ತಿ ನಾಚ್ಕೋತದೆ ಬುದ್ಧಿ."

ಮೊದಲು ನಕ್ಕವರು ವಕೀಲರು. ವೃತ್ತಿಯ ಮೇಲಿನ ಅಭಿಮಾನದಿಂದ ಇರಬೇಕು. ಆಮೇಲೆ ಅಧ್ಯಕ್ಷೆಯೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಇಂಚರ ಮಾತ್ರ ನಗದೆ ತೋಳಿನ ಕಡೆ ಬೆರಳು ತೋರಿಸಿದಳು.

ಹಲಗೆಯ ಮೇಲೆ ಊರಿದ್ದ ಉಕ್ಕಿನ ಕೈ ತೆರೆದುಕೊಳ್ಳುತ್ತಿತ್ತು. ಹನ್ನೊಂದು ಜನ ನೋಡುತ್ತಿದ್ದರು. ನಡುಬೆರಳು ಒಮ್ಮೆ ಅಳುಕಿತು, ಒಳಕ್ಕೆ ಹೋಗಲೋ ಎಂದು ಕೇಳುವಂತೆ. ಆಮೇಲೆ, ಬಚ್ಚಿಡಲು ಇನ್ನೇನೂ ಉಳಿದಿಲ್ಲವೆಂದು ಅದಕ್ಕೂ ಗೊತ್ತಾಯಿತೇನೋ, ನೀಳವಾಗಿ ಚಾಚಿ ಗುಂಡಿಯನ್ನು ಒತ್ತಿತು.

"ಇನ್ನು ನಾಲ್ಕು ಸಲ" ಎಂದರು ಸುನಂದಾ ಅರಸ್, ಪೆನ್ನು ತೆಗೆಯುತ್ತ. ನಾಲ್ಕು ಸಲವೂ ಗಂಟೆ ಬಾರಿಸಿತು.

ಉಡುಪರು ತಮ್ಮ ನಲವತ್ತು ಪುಟ ಚೀಲಕ್ಕೆ ಹಾಕಿಕೊಂಡರು. ಒಂದು ಕ್ಷಣ ಪೆಚ್ಚಾದವರು ಮರುಕ್ಷಣವೇ ಇಂಚರಳ ಕಡೆ ತಿರುಗಿ, "ಮೆದುಳು ಕೈಯನ್ನಷ್ಟೇ ಅಲ್ಲ, ಕೈಯ ಚಾಳಿಯನ್ನೂ ಉಳಿಸಿಕೊಂಡಿದೆ ಅಂದ್ರೆ, ನಕ್ಷೆ ಒಣಗಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?" ಎಂದರು. ವಿಜ್ಞಾನದಲ್ಲಿ ಸೋತವರು ಹೀಗೆ ಅದೇ ಬಾಗಿಲಿನಿಂದ ಗೆದ್ದವರಾಗಿ ಒಳಗೆ ಬರುವುದುಂಟು. ಎರಡು ವರ್ಷದ ನಿಯಮವನ್ನು ಅವರೇ ಹೊಡೆದುಹಾಕಿದರು.

ಮನೆಗೆ ಬರುವ ವ್ಯಾನು ಅಗ್ರಹಾರ ದಾಟಿತು.

"ನಾನು ಮಾರ್ಕೆಟ್ಟಲ್ಲೆಲ್ಲಾ ಡಂಗುರ ಹೊಡ್ಕಂಡ್ ಬಂದ್ನಲ್ಲತ್ತೆ" ಎಂದಳು ನಾಗು. "ಕೈ ಕಳ್ಳಾಟ ನಮ್ಮನೇಲಿ ಇಲ್ಲ ಅಂತ."

"ನಿನ್ನ ಕೈಲಿ ಇಲ್ವಲ್ಲ. ಸುಳ್ಳೇನ್ ಹೇಳ್ದೆ?"

"ನಂಗ್ಯಾಕೆ ಹೇಳ್ಕೊಡ್ಲಿಲ್ಲ?"

"ಕೈ ಇರ್ಲಿಲ್ಲ."

ನಾಗು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಅಳುವೋ ನಗುವೋ ತಿಳಿಯದು. "ನಾಳೆಯಿಂದ ಅಂಗಡಿಗೆ ಯಾರು ಬತ್ತಾರೆ?"

"ಎಲ್ಲಾರೂ ಬತ್ತಾರೆ. ಬೈಯಾಕಾದ್ರೂ ಬತ್ತಾರೆ. ಬಂದೋರು ಬರಿಗೈಲಿ ಹೋಯ್ತಾರಾ? ನನ್ನೂ ಕರ್ಕಂಡೋಗು."

ಸುದ್ದಿ ಅವರಿಗಿಂತ ಮೊದಲೇ ಮಾರ್ಕೆಟ್ಟು ಮುಟ್ಟಿತ್ತು. ಸೋಮವಾರ ಬೆಳಿಗ್ಗೆ ಉಕ್ಕಿನ ತೋಳಿನ ಗಾಲಿಕುರ್ಚಿ ಹೂವಿನ ಸಾಲಿಗೆ ಬಂತು. ಎಲ್ಲ ಹಲಗೆಗಳ ಮುಂದೆಯೂ ಗಿರಾಕಿಗಳು ಹೂವು ಬಿಟ್ಟು ಮಾರುವವರ ಬೆರಳು ನೋಡುತ್ತಿದ್ದರು. ಒಬ್ಬಳ ಮಾತಿನಿಂದ ಇಪ್ಪತ್ತು ಜನರ ನಡುಬೆರಳು ನಾಲ್ಕೇ ದಿನದಲ್ಲಿ ನೆಟ್ಟಗಾಗಿದ್ದವು.

"ಬಂದ್ಯಾ ಮಾರಾಯ್ತಿ" ಎಂದಳು ಗೌರಿ. "ನಿಂದು ನೀ ಹೇಳ್ಕಂಡ್ರೆ ಹೇಳ್ಕೊ. ನಮ್ ಹೊಟ್ಟೆ ಮೇಲ್ಯಾಕ್ ಹೊಡ್ದೆ?"

"ನಿನ್ ಹೆಸ್ರು ನಾ ಎತ್ತಲಿಲ್ವಲ್ಲೇ ಗೌರಿ. ನೀನ್ಯಾಕ್ ಮೇಲ್ ಎಳ್ಕೋತೀಯ?"

ಸಾಲೆಲ್ಲ ನಕ್ಕಿತು. ಗೌರಿಯೂ ಬಾಯಿಗೆ ಸೆರಗು ಒತ್ತಿಕೊಂಡಳು.

ಮೊದಲ ಗಿರಾಕಿ ದಪ್ಪ ಕನ್ನಡಕದ ಹೆಂಗಸು. ಚೀಲದಿಂದ ಟೈಲರ್ ಟೇಪು ತೆಗೆದು ಹಲಗೆಯ ಮೇಲೆ ಉದ್ದಕ್ಕೆ ಬಿಡಿಸಿಟ್ಟು, "ಮಲ್ಲಿಗೆ ಬೇಕು. ಯಾವ ಮೊಳದಲ್ಲಿ ಕೊಡ್ತೀಯಮ್ಮ? ಕಬ್ಬಿಣದ್ದೋ, ಸೊಸೇದೋ, ಹಳೇದೋ?" ಎಂದಳು.

ಕೇಳಬೇಕಾದ ಪ್ರಶ್ನೆಯೇ. ಉಕ್ಕಿನ ತೋಳನ್ನು ಗಂಡಸಿನ ಕೈಯ ಅಳತೆಗೆ ಮಾಡಿದ್ದರು. ಅದರ ಮೊಳ ಯಾವ ಹೂವಾಡಗಿತ್ತಿಯ ಮೊಳಕ್ಕಿಂತಲೂ ಎರಡು ಇಂಚು ಉದ್ದ. "ಅತ್ತೆ, ಅದ್ರಲ್ಲಿ ಅಳೆದ್ರೆ ಹತ್ತು ಗಂಟೆಗೇ ಬುಟ್ಟಿ ಮಗುಚಾಕ್ಬೇಕು" ಎಂದು ನಾಗು ಪಿಸುಗುಟ್ಟಿದಳು. ಗಿಡ್ಡ ಮೊಳ ಮೋಸ ಎಂದಾದರೆ ಉದ್ದ ಮೊಳವೂ ಸುಳ್ಳೇ. ಅದು ಅವಳ ಕೈಯಲ್ಲ.

ಚಿಕ್ಕತಾಯಮ್ಮ ತನ್ನ ಮಡಿಲು ನೋಡಿಕೊಂಡಳು. ದಿಂಬಿನ ಮೇಲೆ ಅವಳ ಬಲಗೈ ಮಲಗಿತ್ತು, ಹುಟ್ಟಿದಂದಿನಿಂದ ಅವಳದೇ ಆದದ್ದು. ನಾಲ್ಕು ವರ್ಷದ ಕಾಯಿಲೆಗೆ ಐದು ಬೆರಳೂ ಒಳಕ್ಕೆ ಮುರುಟಿಕೊಂಡಿದ್ದವು. ಎದುರಿಗೆ ಗಿರಾಕಿ ಇರಲಿ, ಇಲ್ಲದಿರಲಿ.

ಉಕ್ಕಿನ ಕೈ ಎದ್ದಿತು. ಮಡಿಲಿಗೆ ಬಂದು, ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಬಿಡಿಸಿತು. ಆಮೇಲೆ ತೋರುಬೆರಳು. ನಡುಬೆರಳು ಬಿಗಿಯಾಗಿತ್ತು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮಗುವಿನ ಮುಷ್ಟಿ ಬಿಡಿಸುವಷ್ಟು ಜೋಪಾನವಾಗಿ, ಗಿಣ್ಣಿಗೆ ಗಿಣ್ಣು, ಉಕ್ಕು ಅದನ್ನು ನೆಟ್ಟಗೆ ಮಾಡಿ ದಿಂಬಿನ ಮೇಲೆ ಒತ್ತಿ ಮಲಗಿಸಿತು. ಚಿಕ್ಕತಾಯಮ್ಮನಿಗೆ ಆ ಸ್ಪರ್ಶ ಒಂದಿಷ್ಟೂ ತಿಳಿಯಲಿಲ್ಲ. ಕಣ್ಣಿಗೆ ಕಂಡಿತು.

"ಮೊಣಕೈ ತಾವ ತುದಿ ಹಿಡ್ಕೊ ನಾಗು."

ನಾಗು ಬಗ್ಗಿ ಮಾಲೆಯ ತುದಿಯನ್ನು ಅತ್ತೆಯ ಮೊಣಕೈಗೆ ಒತ್ತಿ ಹಿಡಿದಳು. ಉಕ್ಕಿನ ಬೆರಳು ಮಲ್ಲಿಗೆಯನ್ನು ಹಿಡಿದು ಮುಂಗೈಯ ಮೇಲೆ, ಅಂಗೈಯ ಮೇಲೆ, ನಡುಬೆರಳಿನ ಉದ್ದಕ್ಕೂ ಎಳೆದು, ಉಗುರಿನ ಅಂಚಿನಲ್ಲಿ ನಿಂತಿತು.

ಕನ್ನಡಕದ ಹೆಂಗಸು ಟೇಪು ಎತ್ತಲು ಹೋಗಿ, ಆ ಕೈಯನ್ನೇ ನೋಡುತ್ತ ನಿಂತುಬಿಟ್ಟಳು.

"ಅಳ್ಕಳವ್ವ, ಅಳ್ಕೊ" ಎಂದಳು ಚಿಕ್ಕತಾಯಮ್ಮ. "ಆಮೇಲೆ ಹೇಳು, ಎಷ್ಟು ಮೊಳ ಬೇಕು?"